ಅರವತ್ತೊಂದನೆಯ ಎಲೆ

ನಮ್ಮ ತವರಿನಲ್ಲಿ ಇಸ್ಪೀಟಿನ ಹೆಸರೆತ್ತುವಂತಿರಲಿಲ್ಲ. ಅಜ್ಜನ ತಮ್ಮ, ನಾವೆಲ್ಲ ಚಿಕ್ಕಜ್ಜ ಎನ್ನುತ್ತಿದ್ದವರು, ಒಂದು ದೀಪಾವಳಿಯಲ್ಲಿ ಹೊಳೆಯಂಚಿನ ಅಡಿಕೆ ತೋಟವನ್ನು ಅಂದರ್‌ ಬಾಹರ್‌ನಲ್ಲಿ ಕಳೆದುಬಿಟ್ಟರು. ಅಜ್ಜಿ ಸಾಯುವ ತನಕ ಆ ತೋಟದ ಬದಿಯ ದಾರಿ ತುಳಿಯಲಿಲ್ಲ. ದೇವಸ್ಥಾನಕ್ಕೂ ಸುತ್ತು ಬಳಸಿಯೇ ಹೋಗುತ್ತಿದ್ದರು. ಹಾಗಾಗಿ 2017ರಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ ನನ್ನ ಮಗ ಎರಡು ವಿಷಯಗಳಲ್ಲಿ ಫೇಲಾಗಿ, ಬಗಲಲ್ಲಿ ಒಂದು ಚಪ್ಪಲಿ ಡಬ್ಬದ ತುಂಬ ಬಣ್ಣದ ಕಾರ್ಡು ಹಿಡಿದು ರಜೆಗೆ ಬಂದಾಗ ನನಗೆ ಕಂಡದ್ದು ಚಿಕ್ಕಜ್ಜನ ಮುಖವೇ.

ಬೈಯಲಿಲ್ಲ. ಡಬ್ಬ ತೆಗೆದು ಬಚ್ಚಲುಮನೆಯ ಅಟ್ಟದ ಮೇಲಿಟ್ಟೆ. "ಪಾಸಾದ ಮೇಲೆ ಕೇಳು" ಅಂದೆ. ಅವನು ಪಾಸಾದ, ಕೆಲಸಕ್ಕೂ ಸೇರಿದ. ಆದರೆ ಡಬ್ಬ ಕೇಳಲಿಲ್ಲ. ನಾನೂ ಮರೆತೆ.

2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆ ಸೇರಿದರಲ್ಲ, ಆಗ ಅವನೂ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ. ಜುಲೈ ತಿಂಗಳ ಒಂದು ಸಂಜೆ ತಾನೇ ಏಣಿ ಹಾಕಿ ಡಬ್ಬ ಇಳಿಸಿದ. ಅಟ್ಟದ ಮೇಲಿನ ಹಂಚು ಯಾವಾಗ ಜರುಗಿತ್ತೋ, ಮೂರು ಮಳೆಗಾಲದ ನೀರು ಡಬ್ಬದೊಳಗೆ ಸೇರಿತ್ತು. ಕೆಲವು ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಉಳಿದವು ಮಳೆಗಾಲದ ಹಪ್ಪಳದ ಹಾಗೆ ಮೆತ್ತಗಾಗಿ ಬಾಗಿದ್ದವು. ಅವನು ಒಂದೊಂದನ್ನೇ ಬಿಡಿಸಿ ಹಳೆಯ ಪಂಚೆಯ ಮೇಲೆ ಹರಡಿದ. "ಇರಲಿ ಬಿಡಮ್ಮ" ಅಂದ. ಕೂಗಾಡಿದ್ದರೆ ನನಗೂ ಹಗುರವಾಗುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಾಫಿ ಕೊಡುವಾಗ ಕೇಳಿದೆ, "ಅದೇನು ಆಟವೋ? ನನಗೂ ಹೇಳಿಕೊಡು." ಇಪ್ಪತ್ತೈದು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಯಾವುದನ್ನು ಕಲಿಯಬೇಕಾದರೂ ಯಾರು, ಯಾವಾಗ, ಏಕೆ ಎಂಬುದರಿಂದಲೇ ಶುರು ಮಾಡುವ ಅಭ್ಯಾಸ. ಅವನೂ ಅಲ್ಲಿಂದಲೇ ಹೇಳಿದ. ಅವನು ಹೇಳಿದ್ದು, ಆಮೇಲೆ ನಾನು ಓದಿಕೊಂಡದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಆಟದ ಹೆಸರು ಮ್ಯಾಜಿಕ್: ದ ಗ್ಯಾದರಿಂಗ್. ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಸಂಶೋಧನಾ ವಿದ್ಯಾರ್ಥಿ ಕಲ್ಪಿಸಿದ್ದು. 1991ರಲ್ಲಿ ಆತ ಬೇರೊಂದು ಹಲಗೆ ಆಟವನ್ನು ಹಿಡಿದು ಪೀಟರ್ ಆಡ್‌ಕಿಸನ್ ಎಂಬುವರ ಬಳಿ ಹೋದ. ಆಡ್‌ಕಿಸನ್ ಅವರದು ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಪುಟ್ಟ ಕಂಪನಿ. ಹಲಗೆ ಆಟ ಅಚ್ಚು ಮಾಡಿಸುವಷ್ಟು ದುಡ್ಡು ಅವರಲ್ಲಿರಲಿಲ್ಲ. ಕೈಯಲ್ಲಿ ಹಿಡಿದು ಓಡಾಡಬಹುದಾದ, ಬೇಗ ಮುಗಿಯುವ ಆಟ ಇದ್ದರೆ ಕೊಡಿ ಎಂದರು. ಗಾರ್ಫೀಲ್ಡ್ ತಂದುಕೊಟ್ಟದ್ದು ಈ ಕಾರ್ಡಿನಾಟ. 1993ರ ಆಗಸ್ಟ್‌ನಲ್ಲಿ ಮೊದಲು ಮಾರಾಟಕ್ಕೆ ಬಂತು. ಮೊದಲ ಅಚ್ಚಿನ 26 ಲಕ್ಷ ಕಾರ್ಡುಗಳು ಬಹಳ ಬೇಗ ಖರ್ಚಾಗಿಹೋದವು.

ಇಸ್ಪೀಟಿಗೂ ಇದಕ್ಕೂ ಇರುವ ವ್ಯತ್ಯಾಸ ಕೇಳಿ. ಇಸ್ಪೀಟಿನಲ್ಲಿ ಎಲ್ಲರಿಗೂ ಸೇರಿ 52 ಎಲೆಯ ಒಂದೇ ಕಟ್ಟು. ಇಲ್ಲಿ ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ತಾವೇ ಕಟ್ಟಿಕೊಂಡು ಬರಬೇಕು. ಸಾವಿರಾರು ಬಗೆಯ ಕಾರ್ಡುಗಳಿವೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ನೆಲದ ಕಾರ್ಡುಗಳು ಎಂದಿವೆ, ಒಂದು ಸರದಿಗೆ ಒಂದನ್ನು ಹೂಡಬಹುದು. ಅವುಗಳಿಂದ ಹುಟ್ಟುವ ಶಕ್ತಿಗೆ 'ಮಾನ' ಅನ್ನುತ್ತಾರೆ. ಆ ಮಾನವನ್ನು ಖರ್ಚು ಮಾಡಿ ಸೈನಿಕರನ್ನೋ ಮಂತ್ರವನ್ನೋ ಇಳಿಸಬೇಕು. ಎದುರಾಳಿಯ 20 ಅಂಕದ ಆಯುಸ್ಸನ್ನು ಸೊನ್ನೆಗೆ ತಂದರೆ ಗೆಲುವು. "ಹಾಗಾದರೆ ಇಲ್ಲೂ ಮಾನ ಹೋದರೆ ಎಲ್ಲ ಹೋಯಿತು ಅನ್ನು" ಎಂದೆ. ಬಹಳ ದಿನಗಳ ಮೇಲೆ ಅವನು ನಕ್ಕ.

ಮೊದಮೊದಲು ಕಟ್ಟಿನಲ್ಲಿ ಕನಿಷ್ಠ 40 ಎಲೆ ಇದ್ದರೆ ಸಾಕಿತ್ತು, ಒಂದೇ ಕಾರ್ಡನ್ನು ಎಷ್ಟು ಬೇಕಾದರೂ ತುಂಬಬಹುದಿತ್ತು. ಪ್ಲೇಗ್ ರ‍್ಯಾಟ್ಸ್ ಎಂಬ ಇಲಿ ಕಾರ್ಡೊಂದಿದೆ. ಕಣದಲ್ಲಿ ಅಂಥ ಇಲಿಗಳು ಎಷ್ಟಿವೆಯೋ ಒಂದೊಂದಕ್ಕೂ ಅಷ್ಟು ಬಲ. ಇಪ್ಪತ್ತು ಇಲಿ ತುಂಬಿಕೊಂಡು ಬಂದವನ ಮುಂದೆ ಯಾರು ನಿಲ್ಲಬೇಕು? ಅದಕ್ಕೇ 1994ರಲ್ಲಿ ಪಂದ್ಯಗಳಿಗೆ ನಿಯಮ ಬಂತು. ಕಟ್ಟಿನಲ್ಲಿ ಕನಿಷ್ಠ 60 ಎಲೆ, ಮೂಲ ನೆಲದ ಕಾರ್ಡು ಬಿಟ್ಟರೆ ಯಾವುದೇ ಕಾರ್ಡು ನಾಲ್ಕಕ್ಕಿಂತ ಹೆಚ್ಚಿರಕೂಡದು. ಅದೇ ವರ್ಷ ಮಿಲ್ವಾಕಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದು ಝಾಕ್ ಡೋಲನ್ ಗೆದ್ದರು.

ನಿಯಮ ಬಿಗಿಯಾದ ಮೇಲೆ ಜನ ತಲೆ ಓಡಿಸತೊಡಗಿದರು. ಬ್ರಯಾನ್ ವೈಸ್‌ಮನ್ ಎಂಬ ಯುವಕನ ಕಟ್ಟಿಗೆ 'ದ ಡೆಕ್' ಎಂದೇ ಹೆಸರು ಬಂತು. ಅದರಲ್ಲಿ ಗೆಲ್ಲಿಸುವ ದೇವತೆಯ ಕಾರ್ಡುಗಳು ಎರಡೇ. ಮಿಕ್ಕದ್ದೆಲ್ಲ ಎದುರಾಳಿಯನ್ನು ತಡೆಯಲಿಕ್ಕೆ, ತನ್ನ ಕೈಗೆ ಹೆಚ್ಚು ಕಾರ್ಡು ತಂದುಕೊಳ್ಳಲಿಕ್ಕೆ. ನನ್ನ ಒಂದು ಕಾರ್ಡು ನಿನ್ನ ಎರಡನ್ನು ತೀರಿಸಿದರೆ ನಾನು ಗೆದ್ದ ಹಾಗೆಯೇ ಎಂಬ ಲೆಕ್ಕ ಅದು. ಮನೆ ನಡೆಸುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1996ರಲ್ಲಿ ಅಟ್ಲಾಂಟಾದಲ್ಲಿ ಪಾಲ್ ಸ್ಲೈ ಎಂಬಾತ ತದ್ವಿರುದ್ಧವಾದ ಕಟ್ಟು ತಂದು ಅರ್ಹತಾ ಪಂದ್ಯದಲ್ಲಿ ಎರಡನೆಯ ಸ್ಥಾನಕ್ಕೇರಿದರು. ಜೇ ಶ್ನೈಡರ್ ಎಂಬುವರ ಯೋಚನೆ ಅದು. ಬಿಡಿಬಿಡಿಯಾಗಿ ನೋಡಿದರೆ ಯಾರೂ ಮೂಸದಂಥ ಅಗ್ಗದ ಸೈನಿಕರು. ಆದರೆ ಮೊದಲ ಸರದಿಗೆ ಒಂದು ಮಾನದ್ದು, ಎರಡನೆಯದಕ್ಕೆ ಎರಡರದ್ದು ಎಂದು ಲೆಕ್ಕ ಹಾಕಿ ಜೋಡಿಸಿದ್ದರಿಂದ ಒಂದು ಮಾನವೂ ಪೋಲಾಗುತ್ತಿರಲಿಲ್ಲ. ಆಟಗಾರರು ಇದನ್ನು 'ಮಾನಾ ಕರ್ವ್' ಅನ್ನುತ್ತಾರೆ. ನಾನು ತಿಂಗಳ ಕೊನೆಯ ಸಂಸಾರ ಅನ್ನುತ್ತೇನೆ.

ನನಗೆ ತೀರ ಹಿಡಿಸಿದ್ದು 1996ರ ವಿಶ್ವ ಚಾಂಪಿಯನ್ ಕಥೆ. ಆಸ್ಟ್ರೇಲಿಯಾದ ಟಾಮ್ ಚಾನ್‌ಫೆಂಗ್ ಬಿಳಿ ಕಾರ್ಡುಗಳ ಕಟ್ಟಿಗೆ ಒಂದು ನೀಲಿ ಕಾರ್ಡು ಸೇರಿಸಿದ್ದರು. ನೀಲಿ ಮಾನ ಕೊಡುವ ನಾಲ್ಕು ನೆಲದ ಕಾರ್ಡುಗಳನ್ನು ಮಾತ್ರ ಪಟ್ಟಿಯಲ್ಲಿ ಬರೆಯಲು ಮರೆತರು. ಒಪ್ಪಿಸಿದ ಪಟ್ಟಿಯಂತೆಯೇ ಆಡಬೇಕು. ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದ ಮೇಲೆ ನೆನಪಾದರೆ ಏನು ಮಾಡುವುದು? ಎಂದೂ ಉಪಯೋಗಕ್ಕೆ ಬಾರದ ಆ ಒಂದು ಎಲೆಯನ್ನು ಹೊತ್ತುಕೊಂಡೇ ಆಡಿ, ಫೈನಲ್‌ನಲ್ಲಿ ಮಾರ್ಕ್ ಜಸ್ಟಿಸ್ ಅವರನ್ನು ಸೋಲಿಸಿದರು.

ಆ ಮಳೆಗಾಲ ಮಗ ಹೊಸದೊಂದು ಕಟ್ಟು ಕಟ್ಟತೊಡಗಿದ. ಹಾಳಾದ ಕಾರ್ಡುಗಳ ಬದಲು ಕಾಗದದ ಚೀಟಿ ಬರೆದು ಆಡುತ್ತಿದ್ದೆವು. ಅಂಕಪಟ್ಟಿ ಹಾಕುವ ನನ್ನ ಬುದ್ಧಿ ಹೋದೀತೇ? ಹಳೆಯ ಹಾಜರಿ ಪುಸ್ತಕದಲ್ಲಿ ಗೆರೆ ಎಳೆದು, ಹತ್ತು ಆಟಕ್ಕೊಮ್ಮೆ ಯಾವ ಕಾರ್ಡು ಉಪಯೋಗಕ್ಕೆ ಬಂತು, ಯಾವುದು ಕೈಯಲ್ಲೇ ಕುಳಿತಿತ್ತು ಎಂದು ಗುರುತು ಹಾಕಿದೆ. ನೆಲ 22 ಇಟ್ಟರೆ ಕಡಿಮೆಯಾಗುತ್ತಿತ್ತು, 26 ಇಟ್ಟರೆ ಕೈ ತುಂಬ ನೆಲವೇ. 24ಕ್ಕೆ ನಿಂತಿತು. ಅವನಿಗೆ ಪ್ರೀತಿಯ ಡ್ರ್ಯಾಗನ್ ಕಾರ್ಡೊಂದಿತ್ತು, ಏಳು ಮಾನದ್ದು. ನನ್ನ ಪುಸ್ತಕದಲ್ಲಿ ಅದರ ಮುಂದೆ ಬರೀ ಸೊನ್ನೆ. ತೆಗೆಯಲು ಮನಸ್ಸಾಗದೆ ಅರವತ್ತೊಂದನೆಯದಾಗಿ ಇಟ್ಟುಕೊಂಡಿದ್ದ.

"ಒಂದು ಹೆಚ್ಚಿದ್ದರೆ ಏನಂತೆ?" ಎಂದೆ. ಅವನು ಲೆಕ್ಕ ಮಾಡಿ ತೋರಿಸಿದ. ಅರವತ್ತರಲ್ಲಿ ನಾಲ್ಕಿರುವ ಒಂದು ಕಾರ್ಡು ಮೊದಲ ಏಳು ಎಲೆಗಳಲ್ಲಿ ಒಂದಾದರೂ ಬರುವ ಸಂಭವ ನೂರಕ್ಕೆ ಸುಮಾರು 40. ಅರವತ್ತೊಂದಾದರೆ 39.4. ವ್ಯತ್ಯಾಸ ಕೂದಲೆಳೆಯಷ್ಟೆ. ಆದರೂ ಅವನು ಡ್ರ್ಯಾಗನ್ ಹೊರತೆಗೆದ. "ಇದು ಒಳ್ಳೇದಲ್ಲ ಅಂತಲ್ಲಮ್ಮ. ಈ ಕಟ್ಟಿಗೆ ಅಲ್ಲ, ಅಷ್ಟೆ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಮೆಕ್ಯಾನಿಕಲ್‌ಗೆ ಹಾಗೇ ಇದ್ದೆ. ಅಪ್ಪನಿಗೆ ಹೇಳೋಕೆ ಧೈರ್ಯ ಬರಲಿಲ್ಲ" ಎಂದ. ಮೂರು ವರ್ಷ ಕಾರ್ಡುಗಳ ಮೇಲೆ ಹೊರಿಸಿದ್ದ ತಪ್ಪನ್ನು ನಾನು ಅಲ್ಲೇ, ಆ ಮೇಜಿನ ಮೇಲೇ ಇಳಿಸಬೇಕಾಯಿತು.

ಹಾಗೆಂದು ನನ್ನ ಅಂಜಿಕೆ ಪೂರ್ತಿ ಸುಳ್ಳೆಂದು ಹೇಳಲಾರೆ. ಮುಚ್ಚಿದ ಪೊಟ್ಟಣದಲ್ಲಿ ಯಾವ ಕಾರ್ಡಿದೆಯೋ ತಿಳಿಯದೆ ದುಡ್ಡು ಕೊಡುವುದರಲ್ಲಿ ಚಿಕ್ಕಜ್ಜನ ಗಾಳಿ ಸ್ವಲ್ಪ ಬೀಸುತ್ತದೆ. ಅಪರೂಪದ ಕಾರ್ಡುಗಳಿಗೆ ಬೆಲೆಯೂ ವಿಪರೀತ. ಇದನ್ನು ಹೇಳಿದಾಗ ಮಗ ವಾದ ಮಾಡಲಿಲ್ಲ. "ಅದಕ್ಕೇ ನಾನು ಪೊಟ್ಟಣ ಒಡೆಯೋದು ಬಿಟ್ಟೆ, ಬೇಕಾದ ಕಾರ್ಡು ಬಿಡಿಯಾಗಿ ಕೊಳ್ತೀನಿ" ಎಂದ. ಈಗ ನಮ್ಮ ಶಾಲೆಯ ಹುಡುಗರು ಪೋಕೆಮಾನ್ ಕಾರ್ಡು ತರುತ್ತಾರೆ. 1996ರಲ್ಲಿ ಜಪಾನಿನಲ್ಲಿ ಹುಟ್ಟಿದ ಆ ಆಟದಲ್ಲೂ ಕಟ್ಟಿಗೆ 60 ಎಲೆ. ನಾನು ಕಿತ್ತುಕೊಳ್ಳುವುದಿಲ್ಲ. ಸಂಜೆ ಬೆಲ್ಲಾಗುವ ತನಕ ಚೀಲದಲ್ಲಿಡಿ ಎನ್ನುತ್ತೇನೆ, ದುಡ್ಡು ಎಲ್ಲಿಂದ ಬಂತು ಎಂದೂ ಕೇಳುತ್ತೇನೆ.

ಮಗ ಈಗ ಬೇರೆ ಕೆಲಸದಲ್ಲಿದ್ದಾನೆ, ಬೆಂಗಳೂರಿನಲ್ಲಿ. ಅಪ್ಪನಿಗೆ ತಾನೇ ಹೇಳಿದ. ಒಳಗಿದ್ದ ನನಗೆ ಇವರ ಉತ್ತರ ಕೇಳಿಸಲಿಲ್ಲ. ರಾತ್ರಿ ಊಟಕ್ಕೆ ಇಬ್ಬರೂ ಒಟ್ಟಿಗೇ ಬಂದು ಕುಳಿತರು.

ನೆನೆದ ಕಾರ್ಡುಗಳಲ್ಲಿ ಉಳಿದವನ್ನು ಆರಿಸಿ ಅವನು ನನಗೊಂದು ಅರವತ್ತರ ಕಟ್ಟು ಮಾಡಿಕೊಟ್ಟಿದ್ದಾನೆ. ಪಂದ್ಯದಲ್ಲಿ ಅದು ನಡೆಯದು. ಬಾಗಿದ ಎಲೆ ಬೆನ್ನ ಮೇಲೇ ಗುರುತು ಸಿಗುವುದರಿಂದ ಅದು ಮೋಸವಾಗುತ್ತದಂತೆ. ಹಬ್ಬಕ್ಕೆ ಬಂದಾಗ ಜಗಲಿಯಲ್ಲಿ ಕೂತು ಆಡುತ್ತೇವೆ. ಎಷ್ಟು ಕಲಸಿದರೂ ಆ ಡ್ರ್ಯಾಗನ್ ಎಲ್ಲಿದೆಯೆಂದು ನನಗೆ ಕಾಣುತ್ತದೆ, ಎಲ್ಲಕ್ಕಿಂತ ಹೆಚ್ಚು ಬಾಗಿದ್ದು ಅದೇ. ಅವನಿಗೂ ಕಾಣುತ್ತದೆ. ಕಾಣದವನಂತೆ ಕೂತಿರುತ್ತಾನೆ.