ಹಳೆಯ ರಿವಾಲ್ವರ್‌ಗಳು: ಕಾಡತೂಸಿನ ಹೊಂದಾಣಿಕೆ ಮತ್ತು ಒತ್ತಡ

ರಿವಾಲ್ವರಿನ ಚೇಂಬರಿನೊಳಗೆ ಕಾಡತೂಸು ಸಲೀಸಾಗಿ ಕೂತರೆ ಅದನ್ನು ಹಾರಿಸಬಹುದೆಂದು ನಂಬುವುದು ಅಪಾಯಕಾರಿ. ಚೇಂಬರ್ ತಡೆಯುವುದು ಗಾತ್ರ ಹೊಂದದ್ದನ್ನು ಮಾತ್ರ. ಮದ್ದು ಉರಿದಾಗ ಏಳುವ ಅನಿಲದ ಒತ್ತಡವನ್ನು ಆಯುಧ ತಾಳುತ್ತದೆಯೇ ಎಂಬುದು ಸಿಲಿಂಡರಿನ ಉಕ್ಕು, ಅದಕ್ಕೆ ಕೊಟ್ಟ ಹದ, ಚೇಂಬರಿನ ಗೋಡೆಯ ದಪ್ಪ ಮತ್ತು ಚೌಕಟ್ಟಿನ ಬಿಗಿಯ ಮೇಲೆ ನಿಂತಿದೆ.

ಬ್ರಿಟಿಷ್ ಸೇನೆ 1915ರಲ್ಲಿ ಅಂಗೀಕರಿಸಿದ ವೆಬ್ಲಿ ಮಾರ್ಕ್ 6 ಇದಕ್ಕೆ ಒಳ್ಳೆಯ ನಿದರ್ಶನ. ಅದು .455 ಕಾಡತೂಸಿನ ಆಯುಧ. ಆ ಕಾಡತೂಸಿನ ಒತ್ತಡ ಪ್ರತಿ ಚದರ ಅಂಗುಲಕ್ಕೆ ಸುಮಾರು 13,000 ಪೌಂಡ್. ಎರಡನೆಯ ಮಹಾಯುದ್ಧದ ನಂತರ ಈ ರಿವಾಲ್ವರ್‌ಗಳು ದೊಡ್ಡ ಸಂಖ್ಯೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದವು. ಅಲ್ಲಿ .455 ಸಿಗುವುದು ಕಷ್ಟ, ಪಿಸ್ತೂಲಿನ ಕಾಡತೂಸಾದ .45 ಎಸಿಪಿ ಎಲ್ಲೆಡೆ ಸಿಗುತ್ತಿತ್ತು. ಹೀಗಾಗಿ ಸಿಲಿಂಡರಿನ ಹಿಂಬದಿಯನ್ನು ಕೊರೆದು ತೆಳುಗೊಳಿಸಿ, ಅರ್ಧಚಂದ್ರಾಕಾರದ ಕ್ಲಿಪ್‌ಗಳಲ್ಲಿ .45 ಎಸಿಪಿ ಕೂರುವಂತೆ ಮಾಡಿ ಮಾರಿದರು. ಆದರೆ .45 ಎಸಿಪಿಯ ಗರಿಷ್ಠ ಒತ್ತಡದ ಮಿತಿ 21,000 ಪೌಂಡ್. ಆಯುಧ ಕಾರ್ಖಾನೆಯಿಂದ ಹೊರಬೀಳುವ ಮುನ್ನ ಒಮ್ಮೆ ಹಾರಿಸಿ ನೋಡುವ ಪರೀಕ್ಷಾ ಕಾಡತೂಸಿನ ಮಟ್ಟದ ಹೊರೆಯನ್ನು ಅದು ಪ್ರತಿ ಹೊಡೆತಕ್ಕೂ ಆ ಸಿಲಿಂಡರಿನ ಮೇಲೆ ಹೇರುತ್ತದೆ. ಕೆಲವು ವೆಬ್ಲಿಗಳು ನೂರಾರು ಗುಂಡುಗಳನ್ನು ತಾಳಿರಬಹುದು. ಅದರಿಂದ ಮುಂದಿನ ಗುಂಡಿಗೆ ಭರವಸೆ ಸಿಗುವುದಿಲ್ಲ, ಏಕೆಂದರೆ ಲೋಹದ ದಣಿವು ಒಳಗೊಳಗೇ ಕೂಡುತ್ತಾ ಹೋಗುತ್ತದೆ. 1887ರ ಮಾರ್ಕ್ 1ರಿಂದ ಆರಂಭವಾಗುವ ಹಿಂದಿನ ಮಾದರಿಗಳನ್ನು ಹೀಗೆ ಕೊರೆದಿದ್ದರಂತೂ ಅಪಾಯ ಇನ್ನೂ ಹೆಚ್ಚು. ನಳಿಗೆಯ ಮೇಲಿರುವ ಪರೀಕ್ಷಾ ಮುದ್ರೆ ಮೂಲ ಸ್ಥಿತಿಯ ಆಯುಧಕ್ಕೆ, ಮೂಲ ಕಾಡತೂಸಿಗೆ ಸಂಬಂಧಿಸಿದ್ದು. ಕೊರೆದ ಮೇಲೆ ಅದನ್ನು ನೆಚ್ಚುವಂತಿಲ್ಲ.

ಕರಿಮದ್ದಿನ ಕಾಲದ ರಿವಾಲ್ವರ್‌ಗಳದು ಬೇರೆಯೇ ಸಮಸ್ಯೆ. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಗೆ ಹೊಗೆರಹಿತ ಮದ್ದು ಬಳಸಬಹುದೆಂದು ತಯಾರಕರೇ ಭರವಸೆ ಕೊಟ್ಟದ್ದು 1900ರಲ್ಲಿ. ಅದಕ್ಕಿಂತ ಹಳೆಯವಕ್ಕೆ ಕರಿಮದ್ದೇ ತಕ್ಕದ್ದು. ಹೊಗೆರಹಿತ ಮದ್ದನ್ನು ಕರಿಮದ್ದಿನಷ್ಟೇ ಪ್ರಮಾಣದಲ್ಲಿ ತುಂಬಿದರೆ ಸಿಲಿಂಡರ್ ಸಿಡಿದುಹೋಗಬಹುದು.

ತಯಾರಕರು ಕೆಲವೊಮ್ಮೆ ಉದ್ದವನ್ನೇ ಬೀಗವಾಗಿ ಬಳಸಿದ್ದಾರೆ. 1935ರ .357 ಮ್ಯಾಗ್ನಮ್‌ನ ಹಿತ್ತಾಳೆ ಕವಚವನ್ನು .38 ಸ್ಪೆಷಲ್‌ಗಿಂತ ಸುಮಾರು 3 ಮಿಲಿಮೀಟರ್ ಉದ್ದ ಮಾಡಿದ್ದು ಅದು .38ರ ರಿವಾಲ್ವರಿಗೆ ಹೋಗದಿರಲೆಂದೇ. ಮೊದಲನೆಯದರ ಒತ್ತಡದ ಮಿತಿ 35,000 ಪೌಂಡ್, ಎರಡನೆಯದರದು 17,000. ಆದರೆ .38 ಲಾಂಗ್ ಕೋಲ್ಟ್‌ಗೆಂದು ಮಾಡಿದ 1890ರ ದಶಕದ ಕೋಲ್ಟ್‌ಗಳಲ್ಲಿ ಚೇಂಬರನ್ನು ಒಳಗೆ ಮೆಟ್ಟಿಲಿಲ್ಲದೆ ನೇರವಾಗಿ ಕೊರೆದಿರುತ್ತಿದ್ದರು. ಅವುಗಳಲ್ಲಿ .357 ಸಹ ಇಳಿದುಬಿಡುತ್ತದೆ. ಅಂಥ ರಿವಾಲ್ವರ್ ಕೈಗೆ ಬಂದರೆ ಚೇಂಬರನ್ನು ಅಳೆಯದೆ ಮುಂದುವರಿಯಲೇಬಾರದು.

ಭಾರತದಲ್ಲಿ ಎಚ್ಚರ ಬೇಕಾದದ್ದು .32ರ ವಿಷಯದಲ್ಲಿ. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುವ, ವೆಬ್ಲಿ ಮಾರ್ಕ್ 4ರ ಮಾದರಿಯ ರಿವಾಲ್ವರಿಗೆ ಬೇಕಾದದ್ದು .32 ಸ್ಮಿತ್ ಆ್ಯಂಡ್ ವೆಸನ್ ಲಾಂಗ್, .32 ಪಿಸ್ತೂಲಿಗೆ ಬೇಕಾದದ್ದು .32 ಎಸಿಪಿ. ಮಾತಿನಲ್ಲಿ ಎರಡೂ ಬರೀ '.32'. ಎರಡರ ಕವಚದ ಅಡ್ಡಳತೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಪಿಸ್ತೂಲಿನ ಕಾಡತೂಸು ಹಲವು .32 ರಿವಾಲ್ವರ್‌ಗಳ ಒಳಗೆ ಕೂರುತ್ತದೆ. ಆದರೆ ಲಾಂಗ್‌ನ ಮಿತಿ 15,000 ಪೌಂಡ್, ಎಸಿಪಿಯದು 20,500.

ಹಾರಿಸಿದ ಕವಚದ ಹಿಂಬದಿಯ ಪ್ರೈಮರ್ ಚಪ್ಪಟೆಯಾಗಿದೆಯೇ ಎಂದು ನೋಡಿ ಒತ್ತಡ ಅಂದಾಜಿಸುವ ರೂಢಿ ಕೆಲವರಲ್ಲಿದೆ. ಹಳೆಯ ರಿವಾಲ್ವರಿನಲ್ಲಿ ಅದು ನಡೆಯದು. ಪ್ರೈಮರ್ ಚಪ್ಪಟೆಯಾಗುವುದು ಸಾಮಾನ್ಯವಾಗಿ ಅವುಗಳ ಸಿಲಿಂಡರ್ ತಾಳುವುದಕ್ಕಿಂತ ಬಹಳ ಮೇಲಿನ ಒತ್ತಡದಲ್ಲಿ. ಆ ಗುರುತು ಕಾಣಿಸುವ ಹೊತ್ತಿಗೆ ಸಿಲಿಂಡರ್ ಒಡೆದಿರಬಹುದು.