ಮಂಗಳವೇಢೆಯ ಎರೆಹೊಲ ಮತ್ತು ನೆಲಮಟ್ಟದ ಓಝೋನ್

ಓಝೋನ್ ಎಂದರೆ ನಮಗೆ ಮೊದಲು ನೆನಪಾಗುವುದು ಆಕಾಶದ ಎತ್ತರದಲ್ಲಿ ಬಿಸಿಲಿನ ವಿಷಕಿರಣ ತಡೆಯುವ ಪದರ. ಅದೇ ಅನಿಲ ನೆಲಮಟ್ಟದಲ್ಲಿ ಸೇರಿಕೊಂಡರೆ ಶ್ವಾಸಕೋಶಕ್ಕೂ ಬೆಳೆಗೂ ವಿಷ. ಯಾವ ಚಿಮಣಿಯೂ ಅದನ್ನು ನೇರವಾಗಿ ಉಗುಳುವುದಿಲ್ಲ. ಹೊಗೆಯೊಳಗಿನ ಅನಿಲಗಳು ಬಿಸಿಲಿನಲ್ಲಿ ಬೆಂದು, ಗಾಳಿಯಲ್ಲಿ ಸಾಗುತ್ತಾ ಅದನ್ನು ಹುಟ್ಟಿಸುತ್ತವೆ. ಆದ್ದರಿಂದಲೇ ಅದರ ಹೊಡೆತ ಹಲವು ಸಲ ಪೇಟೆಗಿಂತ ಪೇಟೆಯಾಚೆಯ ಹೊಲಗಳ ಮೇಲೆ ಬೀಳುತ್ತದೆ. ಬಸವಣ್ಣನವರ ನೆನಪು ಹೊತ್ತ, ಬಿಳಿಜೋಳಕ್ಕೆ ಹೆಸರಾದ, ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯಂಥ ಊರು ಈ ಶಾಸ್ತ್ರದ ಚರಿತ್ರೆಯನ್ನು ಗಮನಿಸಬೇಕಾದದ್ದು ಇದೇ ಕಾರಣಕ್ಕೆ.

ಆ ಚರಿತ್ರೆಯ ಒಂದು ಮುಖ್ಯ ಘಟ್ಟ ಶುರುವಾದದ್ದೂ ಹೊಲದಲ್ಲೇ. 1944ರ ಹೊತ್ತಿಗೆ ಅಮೆರಿಕದ ಲಾಸ್ ಏಂಜಲೀಸ್ ಸುತ್ತಲಿನ ತರಕಾರಿ ಬೆಳೆಗಾರರಿಗೆ ಎಲೆಗಳ ಮೇಲೆ ಬೆಳ್ಳಿ ಬಣ್ಣದ ಕಲೆಗಳು ಕಂಡವು. ಕೀಟವೂ ಅಲ್ಲ, ಪರಿಚಿತ ರೋಗವೂ ಅಲ್ಲ. ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡಿದ್ದ ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ಗುಟ್ಟು ಬಿಡಿಸಿದರು: ವಾಹನ ಮತ್ತು ತೈಲ ಶುದ್ಧೀಕರಣ ಘಟಕಗಳಿಂದ ಬರುವ ಹೈಡ್ರೋಕಾರ್ಬನ್‌ಗಳು, ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಕೂಡಿದರೆ ಓಝೋನ್ ಹುಟ್ಟುತ್ತದೆ. ಆದರೂ ಇದು ಮಹಾನಗರಗಳ ಪಾಡು ಎಂಬ ನಂಬಿಕೆ ಬಹುಕಾಲ ಉಳಿಯಿತು.

ಆ ನಂಬಿಕೆ ಅಲುಗಾಡಿದ್ದು 1971ರಲ್ಲಿ. ಹೊಗೆಯ ಸೋಂಕಿಲ್ಲದ ಗಾಳಿಯಲ್ಲೂ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಸದಾ ಹುಟ್ಟುತ್ತಿರುತ್ತದೆ ಎಂದು ಹೈರಮ್ ಲೆವಿ ಲೆಕ್ಕ ಹಾಕಿ ತೋರಿಸಿದರು. ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಪರಮಾಣು, ಜೊತೆಗಾರನಿಲ್ಲದ ಒಂದು ಎಲೆಕ್ಟ್ರಾನ್: ಇಷ್ಟೇ ಅದರ ಒಡಲು. ಬಿಸಿಲಿನ ಕಿರಣ ಓಝೋನನ್ನು ಒಡೆದಾಗ ಸಿಡಿಯುವ ಆಕ್ಸಿಜನ್ ಪರಮಾಣು ನೀರಾವಿಗೆ ತಾಗಿದರೆ ಇದು ಹುಟ್ಟುತ್ತದೆ. ಆಯುಷ್ಯ ಸುಮಾರು ಒಂದು ಸೆಕೆಂಡು, ಅಥವಾ ಇನ್ನೂ ಕಡಿಮೆ. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿದ್ದರೆ ಹಗಲಿನಲ್ಲಿ ಇವು ಕೆಲವು ಹತ್ತು ಲಕ್ಷ ಮಾತ್ರ. ಅಷ್ಟರಲ್ಲೇ ಅದು ಕಾರ್ಬನ್ ಮಾನಾಕ್ಸೈಡ್, ಮೀಥೇನ್, ಗಿಡಮರ ಹೊರಬಿಡುವ ಆವಿಗಳ ಮೇಲೆರಗಿ ಸುಡುತ್ತದೆ. ಸುಟ್ಟಾಗ ಹುಟ್ಟುವ ಪೆರಾಕ್ಸಿ ರ್‍ಯಾಡಿಕಲ್‌ಗಳು ನೈಟ್ರಿಕ್ ಆಕ್ಸೈಡನ್ನು ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತವೆ. ಬಿಸಿಲು ಅದನ್ನು ಒಡೆದರೆ ಓಝೋನ್. ಒಡೆದು ಉಳಿದ ನೈಟ್ರಿಕ್ ಆಕ್ಸೈಡ್ ಮತ್ತೆ ಕೆಲಸಕ್ಕೆ ನಿಲ್ಲುತ್ತದೆ. ಗಾಳಿಯನ್ನು ತೊಳೆಯುವ ಕೆಲಸವೇ, ನೈಟ್ರೋಜನ್ ಆಕ್ಸೈಡ್ ಜೊತೆ ಸೇರಿದಾಗ, ಗಾಳಿಗೆ ವಿಷ ಹಾಕುವ ಕೆಲಸವಾಗುತ್ತದೆ. ಈ ಶಾಸ್ತ್ರದಲ್ಲಿ ನನಗೆ ಅತ್ಯಂತ ಕಳವಳ ತರುವ ಸಂಗತಿ ಇದೇ.

1973ರಲ್ಲಿ ಪಾಲ್ ಕ್ರುಟ್ಜೆನ್, ಅದೇ ವರ್ಷ ಶಮೈಡೀಸ್ ಮತ್ತು ವಾಕರ್ ಈ ಸರಪಳಿಯನ್ನು ಭೂಮಿಯ ಇಡೀ ಕೆಳವಾತಾವರಣಕ್ಕೆ ಹೊಂದಿಸಿದರು. 1987ರಲ್ಲಿ ಟ್ರೇನರ್ ಮತ್ತು ಸಂಗಡಿಗರು ಹಳ್ಳಿಗಾಡಿನ ಓಝೋನ್‌ನಲ್ಲಿ ಗಿಡಮರಗಳ ಆವಿಯ ಪಾಲೂ ದೊಡ್ಡದೆಂದು ತೋರಿಸಿದರು. ಆವಿ ಧಾರಾಳವಾಗಿರುವ ಕಡೆ ಓಝೋನ್ ಎಷ್ಟಾಗಬೇಕೆಂದು ನಿರ್ಧರಿಸುವುದು ನೈಟ್ರೋಜನ್ ಆಕ್ಸೈಡ್. 1994ರಲ್ಲಿ ಶಮೈಡೀಸ್ ಮತ್ತು ಸಂಗಡಿಗರು ನಗರ, ಕಾರ್ಖಾನೆ, ಗೊಬ್ಬರ ಸುರಿದ ಹೊಲ ಒಂದಕ್ಕೊಂದು ಅಂಟಿಕೊಂಡ ಸೀಮೆಗಳಲ್ಲೇ ಜಗತ್ತಿನ ಧಾನ್ಯದ ಬಹುಪಾಲು ಬೆಳೆಯುತ್ತದೆ, ಅಲ್ಲೇ ಓಝೋನ್ ಏರುತ್ತಿದೆ ಎಂದು ಎಚ್ಚರಿಸಿದರು.

ಭಾರತದಲ್ಲಿ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಮನೀಶ್ ನಾಜಾ, ಶ್ಯಾಮ್ ಲಾಲ್ ಅವರು ಆ ನಗರದ 1954-55ರ ಅಳತೆಗಳನ್ನು 1991-93ರ ಅಳತೆಗಳ ಪಕ್ಕ ಇಟ್ಟು ನೋಡಿ ಓಝೋನ್ ಏರಿದ್ದನ್ನು ಕಂಡರು. ತಿರುಪತಿ ಬಳಿಯ ಗದಂಕಿ ಎಂಬ ಹಳ್ಳಿಯಲ್ಲೂ ಅವರು ಅಳೆದರು. ಮಳೆಗಾಲದಲ್ಲಿ ಓಝೋನ್ ತಗ್ಗುತ್ತದೆ, ಮಳೆ ಹಿಂಜರಿದ ಮೇಲೆ ಮತ್ತೆ ಏರುತ್ತದೆ.

ಇದನ್ನು ಮಂಗಳವೇಢೆಯ ಬೇಸಾಯದ ಪಂಚಾಂಗಕ್ಕೆ ಹೊಂದಿಸಿ ನೋಡಿ. ಅಲ್ಲಿಯ ಮುಖ್ಯ ಬೆಳೆ ಹಿಂಗಾರಿ ಜೋಳ. ಮಳೆಗಾಲ ಮುಗಿಯುವಾಗ ಬಿತ್ತಿ, ಚಳಿಗಾಲವಿಡೀ ಎರೆಮಣ್ಣಿನ ತೇವದಲ್ಲೇ ಬೆಳೆಸುವಂಥದ್ದು. ಆಗ ಬೀಸುವುದು ಪೂರ್ವ, ಈಶಾನ್ಯದ ಗಾಳಿ. ಸೊಲ್ಲಾಪುರ ನಗರವೂ, ಅದರಾಚೆ ಎನ್‌ಟಿಪಿಸಿಯ 1320 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರವೂ ಮಂಗಳವೇಢೆಗೆ ಪೂರ್ವ ದಿಕ್ಕಿನಲ್ಲೇ ಇವೆ. ಹೋಲಿಕೆಗೆ ಅಕ್ಕಲಕೋಟೆಯನ್ನು ನೋಡಿ: ಆ ಊರು ಸೊಲ್ಲಾಪುರದ ಆಚೆ ಬದಿಗಿದೆ. ಪಡುವಣ ಗಾಳಿಯ ಮಳೆಗಾಲದಲ್ಲಿ ನಗರದ ಹೊಗೆ ಅತ್ತ ಹೋದರೂ, ಮೋಡ ಮುಚ್ಚಿದ ಆ ದಿನಗಳಲ್ಲಿ ಓಝೋನ್ ಸಹಜವಾಗಿ ಕಡಿಮೆ. ಮಂಗಳವೇಢೆಯತ್ತ ಚಳಿಗಾಲದಲ್ಲಿ ಬರುವ ಹೊಗೆಗೆ ಕಬ್ಬಿನ ಗದ್ದೆಗಳಲ್ಲಿ ರವದಿ ಸುಡುವ ಹೊಗೆಯನ್ನೂ ಸೇರಿಸಿಕೊಳ್ಳಿ.

ಮಣ್ಣೂ ಸುಮ್ಮನಿಲ್ಲ. 2011ರಲ್ಲಿ ಹಾಂಗ್ ಸು, 2013ರಲ್ಲಿ ಓಸ್ವಾಲ್ಡ್ ನೇತೃತ್ವದ ತಂಡಗಳು ಮಣ್ಣಿನಿಂದ ನೈಟ್ರಸ್ ಆಮ್ಲದ ಆವಿ ಏಳುತ್ತದೆ, ಬಿಸಿಲಿಗೆ ಅದು ಒಡೆದು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಕೊಡುತ್ತದೆ ಎಂದು ತೋರಿಸಿದವು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳೇ ಇದರ ಒಂದು ಮೂಲ. ಆಮ್ಲೀಯವಲ್ಲದ ಒಣಸೀಮೆಯ ಮಣ್ಣುಗಳು ಇದರಲ್ಲಿ ಮುಂದು. ಸೊಲ್ಲಾಪುರದ ಸುಣ್ಣದಂಶವಿರುವ ಕಪ್ಪುಮಣ್ಣಿಗೆ ಯೂರಿಯಾ ಹಾಕುವ ರೈತರಿಗೆ ಇದು ದೂರದ ಮಾತಲ್ಲ.

ಹಾನಿ ಎಲೆಯ ಮಟ್ಟದಲ್ಲಿ ಆಗುತ್ತದೆ. ಹಗಲಲ್ಲಿ ತೆರೆದ ಪತ್ರರಂಧ್ರಗಳಿಂದ ಓಝೋನ್ ಒಳಹೊಕ್ಕು ಜೀವಕೋಶದ ಪೊರೆಯನ್ನು ಸುಡುತ್ತದೆ. ಹಳೆಯ ಎಲೆಗಳ ಮೇಲ್ಮೈಯಲ್ಲಿ, ನರಗಳ ನಡುವೆ ಸೂಜಿಮೊನೆಯಷ್ಟು ಚುಕ್ಕೆಗಳು ಮೂಡುತ್ತವೆ. ನೋಡಿದವರು ಜಿಗಿಹುಳವೆಂದೋ ಗೊಬ್ಬರದ ಕೊರತೆಯೆಂದೋ ಬಗೆದು ಔಷಧಿ ಹೊಡೆಯುತ್ತಾರೆ. ಎಷ್ಟೋ ಸಲ ಚುಕ್ಕೆಯೇ ಕಾಣದೆ ಇಳುವರಿ ಇಳಿಯುತ್ತದೆ. ಜೋಳ ಒಂದಿಷ್ಟು ತಡೆದುಕೊಳ್ಳುತ್ತದೆ. ಗೋಧಿ, ದ್ವಿದಳ ಧಾನ್ಯ, ಈರುಳ್ಳಿ ತಡೆಯವು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಸಚಿನ್ ಘುಡೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2005ರಲ್ಲಿ ದೇಶ ಓಝೋನ್‌ಗೆ ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಅಕ್ಕಿ ತೆತ್ತಿದೆ.

ಅಳತೆ ಮಾತ್ರ ಹೊಲದವರೆಗೆ ಬಂದಿಲ್ಲ. ನಿರಂತರ ಮಾಪನ ಕೇಂದ್ರಗಳ ಬಹುಪಾಲು ನಗರಗಳಲ್ಲಿವೆ, ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಗುರಿಯೂ ಧೂಳಿನ ಕಣವೇ. ನಗರದೊಳಗಿನ ಯಂತ್ರ ಹಳ್ಳಿಯ ಓಝೋನನ್ನು ಹೇಳಲಾರದು, ಏಕೆಂದರೆ ವಾಹನಗಳ ಹೊಸ ನೈಟ್ರಿಕ್ ಆಕ್ಸೈಡ್ ಅಲ್ಲಿಯ ಓಝೋನನ್ನು ನುಂಗಿಹಾಕುತ್ತದೆ. ಹೊಲದಲ್ಲಿ ಅಳೆಯುವುದು ಈ ಸೀಮೆಗೆ ಹೊಸದಲ್ಲ: 1933ರಲ್ಲಿ ಸೊಲ್ಲಾಪುರ, ಬಿಜಾಪುರಗಳಲ್ಲಿ, ಮರುವರ್ಷ ರಾಯಚೂರು, ಹಗರಿಗಳಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. ಮಳೆ, ಮಣ್ಣು, ತೇವ ಅಳೆಯುವ ಆ ಪರಂಪರೆಗೆ ಓಝೋನ್ ಮಾಪಕವೂ ಸೇರಲಿ. ಮಂಗಳವೇಢೆಯ ಜೋಳದ ಹೊಲದಲ್ಲಿ ಒಂದು, ಅಕ್ಕಲಕೋಟೆಯಲ್ಲಿ ಒಂದು, ಬಿತ್ತನೆಯಿಂದ ಸುಗ್ಗಿಯವರೆಗೆ ನಡೆಯಲಿ. ಅವುಗಳ ಅಂಕಿಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ರೈತರಿಗೆ ತಲುಪಿಸಬೇಕೆಂದು ಕೃಷಿ ವಿಶ್ವವಿದ್ಯಾಲಯಗಳನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಗಳನ್ನೂ ಕೇಳಿಕೊಳ್ಳುತ್ತೇನೆ.