ಹೇಳಿದ ದರ, ಅಚ್ಚಾದ ದರ

ಅಂಗಡಿಯವನು ಒಂದು ಬೆಲೆ ಹೇಳಿ, ಸಾಮಾನು ಕಟ್ಟಿದ ಮೇಲೆ ಇನ್ನೊಂದು ಕೇಳಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಅಮೆರಿಕದ ರೈಲ್ವೆ ಗಿರಾಕಿಗಳೂ ನಿಂತರು. ಗೆಲ್ಲಲಿಲ್ಲ.

ಸೇಂಟ್ ಲೂಯಿಸ್‌ನಿಂದ ಟೆಕ್ಸಾಸ್‌ನ ಕ್ಯಾಮರಾನ್‌ಗೆ ಪೀಠೋಪಕರಣ ಬಂತು. ರವಾನೆ ಚೀಟಿಯಲ್ಲಿ ನೂರು ಪೌಂಡಿಗೆ 69 ಸೆಂಟ್. ಪ್ರಕಟಿತ ದರಪಟ್ಟಿಯಲ್ಲಿ 84. ಚೀಟಿಯ ಹಣ ಹಿಡಿದು ಬಂದವನಿಗೆ ಕಂಪನಿ ಮಾಲು ಬಿಡಲಿಲ್ಲ. ಟೆಕ್ಸಾಸ್ ರಾಜ್ಯದ ಕಾನೂನು ಗಿರಾಕಿಯ ಪರವಾಗಿತ್ತು. ಆದರೂ 1895ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪರ ತೀರ್ಪಿತ್ತಿತು. ಏಜೆಂಟನ ಮಾತು ನಂಬಿ ಕಲ್ಲಿದ್ದಲು ತರಿಸಿ, ಅದೇ ಲೆಕ್ಕದಲ್ಲಿ ಮಾರಿದ್ದ ವರ್ತಕರಿಗೂ 1906ರಲ್ಲಿ ಇದೇ ಗತಿಯಾಯಿತು.

ನ್ಯಾಯಾಲಯಕ್ಕೆ ಕನಿಕರವಿರಲಿಲ್ಲವೇ? ಅದರ ಕಣ್ಣು ಬೇರೆಡೆಯಿತ್ತು. ದೊಡ್ಡ ಎಣ್ಣೆ ಕಂಪನಿಗಳಿಗೆ ರೈಲ್ವೆಗಳು ಗುಟ್ಟಾಗಿ ರಿಯಾಯಿತಿ ಕೊಡುತ್ತಿದ್ದವು. ಸಣ್ಣ ವ್ಯಾಪಾರಿ ಮುಳುಗುತ್ತಿದ್ದ. ಎಲ್ಲರಿಗೂ ಒಂದೇ ದರವಿರಲಿ, ಅದು ಬಹಿರಂಗವಾಗಿರಲಿ ಎಂದೇ 1887ರ ಅಂತರರಾಜ್ಯ ವಾಣಿಜ್ಯ ಕಾಯಿದೆ ಬಂತು. ಬಾಯಿತಪ್ಪಿ ಹೇಳಿದ ದರವನ್ನು ಒಪ್ಪಿದರೆ, ನಾಳೆ ಪ್ರತಿಯೊಂದು ರಿಯಾಯಿತಿಯೂ ಬಾಯಿತಪ್ಪೇ ಆಗುತ್ತದೆ. ತರ್ಕ ಸರಿಯೇ. ಆದರೆ ಸಣ್ಣವನನ್ನು ಕಾಯಲು ಬಂದ ಕಾನೂನು ಸಣ್ಣವನ ಜೇಬಿಗೇ ಕೈ ಹಾಕಿತಲ್ಲ, ವಿಜ್ಞಾನ ಓದಿದ ನನಗೆ ಈ ಸಮೀಕರಣ ಇಂದಿಗೂ ಸರಿದೂಗುವುದಿಲ್ಲ.

1910ರಲ್ಲಿ ಒಂದು ತಿದ್ದುಪಡಿ ಬಂತು: ಬರೆದು ಕೇಳಿದವರಿಗೆ ಬರಹದಲ್ಲೇ ತಪ್ಪು ದರ ಕೊಟ್ಟು ನಷ್ಟವಾದರೆ ರೈಲ್ವೆಗೆ 250 ಡಾಲರ್ ದಂಡ. ದಂಡ ಸೇರುತ್ತಿದ್ದುದು ಸರ್ಕಾರದ ಖಜಾನೆಗೆ, ನಷ್ಟವಾದವನಿಗಲ್ಲ!

1980ರಲ್ಲಿ ಕಟ್ಟು ಸಡಿಲಿತು. ಖಾಸಗಿ ಒಪ್ಪಂದಗಳಿಗೆ ದಾರಿಯಾಯಿತು. 1995ರ ಕಾಯಿದೆ ಆಯೋಗವನ್ನೇ ರದ್ದು ಮಾಡಿದಾಗ ರೈಲ್ವೆಗಳು ದರಪಟ್ಟಿ ಸಲ್ಲಿಸುವ ಕಟ್ಟಳೆಯೂ ಹೋಯಿತು.